ಬೆನ್ನು ಬಿಗಿದರೆ ಉಸಿರೂ ಬಿಗಿ

ಮಧ್ಯಾಹ್ನ ಎರಡೂವರೆ ಗಂಟೆ. ಮನೆಯವರದ್ದೆಲ್ಲ ಊಟ ಆಗಿದೆ. ಪಾತ್ರೆ ತೊಳೆದು ಬೋರಲು ಹಾಕಿದ್ದಾಗಿದೆ. ಅಡುಗೆಮನೆ ಕಟ್ಟೆ ಒರೆಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕುರ್ಚಿಯ ಮೇಲೆ ಕೂರುತ್ತೀರಿ. ಕೂತ ತಕ್ಷಣ ಒಂದು ದೊಡ್ಡ ನಿಟ್ಟುಸಿರು. ‘ಅಬ್ಬಾ, ಯಾಕೋ ಮೈಯಲ್ಲಿ ಕಸುವೇ ಇಲ್ಲ’ ಅನ್ನಿಸುತ್ತದೆ. ಬೆಳಿಗ್ಗೆಯಿಂದ ಮಾಡಿದ್ದು ದಿನಾ ಮಾಡುವ ಕೆಲಸವೇ. ಆದರೂ ಭುಜಗಳ ಮೇಲೆ ಮೂಟೆ ಹೊತ್ತ ಹಾಗೆ. ಉಸಿರು ಅರ್ಧ ದಾರಿಗೇ ಬಂದು ವಾಪಸು ಹೋದ ಹಾಗೆ. ನಿಮಗೂ ಹೀಗಾಗುತ್ತದೆಯೇ?

ನನಗೆ ಆಗುತ್ತಿತ್ತು. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ‘ಹೆಂಗಸರ ಹಣೆಬರಹ, ಇನ್ನೇನು’ ಅಂದುಕೊಂಡು ಒಂದು ಲೋಟ ಕಾಫಿ ಕುಡಿದು ಮತ್ತೆ ಕೆಲಸಕ್ಕೆ ಕೂರುತ್ತಿದ್ದೆ. ನಾನು ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಮೆಷಿನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂತು 20 ವರ್ಷಕ್ಕೂ ಮೇಲಾಯಿತು. ಈ ವಿಷಯ ಯಾಕೆ ಹೇಳಿದೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

2022ರ ಗೌರಿ ಹಬ್ಬ. ಹಬ್ಬದ ಬ್ಲೌಸುಗಳನ್ನೆಲ್ಲ ಹೊಲಿದು ಮುಗಿಸಿ, ಪಕ್ಕದ ಬೀದಿಯ ಮನೆಯೊಂದಕ್ಕೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ನಮ್ಮ ಭಜನಾ ಮಂಡಳಿಯವರೆಲ್ಲ ಸೇರಿ ಹಾಡುತ್ತಿದ್ದೆವು. ಚಿಕ್ಕಂದಿನಿಂದ ಹಾಡಿಕೊಂಡು ಬಂದ ಹಾಡೇ. ಒಂದು ಸಾಲಿನ ನಡುವೆ ನನ್ನ ಉಸಿರು ನಿಂತುಬಿಟ್ಟಿತು. ಉಳಿದವರು ಸಾಲು ಮುಗಿಸಿ ಮುಂದಕ್ಕೆ ಹೋದರು. ನಾನು ಬರೀ ತುಟಿ ಆಡಿಸುತ್ತ ಕೂತೆ. ಪಕ್ಕದಲ್ಲಿದ್ದವರು ಮೊಣಕೈಯಿಂದ ತಿವಿದು, ‘ಯಾಕ್ರೀ, ಹುಷಾರಿಲ್ವಾ?’ ಅಂದರು. ‘ವಯಸ್ಸಾಯ್ತಲ್ಲ ಕಣ್ರೀ’ ಅಂತ ನಕ್ಕುಬಿಟ್ಟೆ. ಆಗ ನನಗೆ 49 ವರ್ಷ. ಮನೆಗೆ ಬಂದು ರಾತ್ರಿ ಮಲಗಿದಾಗ ಆ ನಗು ನನಗೇ ಚುಚ್ಚಿತು. 49 ಏನು ದೊಡ್ಡ ವಯಸ್ಸೇ?

ಮಾರನೇ ವಾರ ಆಸ್ಪತ್ರೆಗೆ ಹೋದೆ. ಸುಸ್ತು ಅಂದರೆ ಡಾಕ್ಟರು ಮೊದಲು ನೋಡುವುದು ರಕ್ತ. ಹಿಮೋಗ್ಲೋಬಿನ್ 9.6 ಗ್ರಾಂ ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಇರಬೇಕಂತೆ. ಇದು ನನ್ನೊಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಆದ್ದರಿಂದ ಸೋದರಿಯರೇ, ಸುಸ್ತು ಅಂದಾಗ ಬೇರೆ ಯಾವ ಉಪಾಯಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಾನು ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ತೆಗೆದುಕೊಂಡೆ. ಮಾತ್ರೆ ನುಂಗಿದ ಹೊತ್ತಿಗೆ ಕಾಫಿ-ಟೀ ಬಿಟ್ಟು ನಿಂಬೆಹಣ್ಣಿನ ಪಾನಕ ಕುಡಿದೆ. ಕಾಫಿ-ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆಯ ಹುಳಿ ಹತ್ತಿಸುತ್ತದೆ. ಹಿಮೋಗ್ಲೋಬಿನ್ 12.2ಕ್ಕೆ ಏರಿತು. ಕಣ್ಣು ಕತ್ತಲೆ ಬರುವುದು ನಿಂತಿತು, ಮೆಟ್ಟಿಲು ಹತ್ತುವುದು ಸುಲಭವಾಯಿತು.

ಆದರೆ ಮಧ್ಯಾಹ್ನದ ಆ ಸುಸ್ತು, ಅರ್ಧಕ್ಕೆ ನಿಲ್ಲುವ ಆ ಉಸಿರು, ಎರಡೂ ಹಾಗೇ ಉಳಿದವು. ಥೈರಾಯ್ಡ್ ಸರಿಯಿತ್ತು. ಇ.ಸಿ.ಜಿ. ಸರಿಯಿತ್ತು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಬೆರಳಿಗೆ ಸಿಕ್ಕಿಸುವ ಯಂತ್ರ ನೋಡಿದರೆ ಆಮ್ಲಜನಕ 98! ಕೊನೆಗೆ ಡಾಕ್ಟರು ನಾನು ಕೂತ ರೀತಿಯನ್ನೇ ಒಂದು ಗಳಿಗೆ ನೋಡಿ, ‘ಒಂದು ಸಲ ಫಿಸಿಯೋಥೆರಪಿಯವರಿಗೆ ತೋರಿಸಿ’ ಅಂದರು. ನನಗೆ ಆಶ್ಚರ್ಯ. ಉಸಿರಿನ ತೊಂದರೆಗೂ ಕೈಕಾಲು ಉಳುಕಿದವರು ಹೋಗುವ ಜಾಗಕ್ಕೂ ಏನು ಸಂಬಂಧ?

ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಹುಡುಗಿ. ‘ಆಂಟಿ, ನನಗೆ ಬೆನ್ನು ಮಾಡಿ ಕೂತ್ಕೊಳ್ಳಿ, ದೀರ್ಘವಾಗಿ ಉಸಿರು ತಗೊಳ್ಳಿ’ ಅಂತ ಹೇಳಿ ಎರಡೂ ಅಂಗೈಯನ್ನು ನನ್ನ ಬೆನ್ನಿನ ಮೇಲೆ, ಭುಜದ ಚಪ್ಪಟೆ ಮೂಳೆಗಳ ಕೆಳಗೆ ಇಟ್ಟಳು. ನಾನು ಎಳೆದುಕೊಂಡೆ. ‘ನೋಡಿ, ನಿಮ್ಮ ಭುಜ ಕಿವಿಯ ಕಡೆಗೆ ಏರ್ತಿದೆ. ಇಲ್ಲಿ ಮಾತ್ರ ಏನೂ ಅಲ್ಲಾಡ್ತಿಲ್ಲ’ ಅಂದಳು. ಆಮೇಲೆ ಒಂದು ಟೇಪು ತೆಗೆದಳು. ನಾನು ದಿನಾ ಕೊರಳಿಗೆ ಹಾಕಿಕೊಳ್ಳುವಂಥದ್ದೇ ಟೇಪು! ಎದೆಯ ಮೂಳೆ ಕೆಳಗೆ ಎಲ್ಲಿ ಮುಗಿಯುತ್ತದೋ ಆ ಮಟ್ಟಕ್ಕೆ ಸುತ್ತ ಹಿಡಿದು, ಪೂರ್ತಿ ಉಸಿರು ಬಿಟ್ಟಾಗ ಒಂದು ಅಳತೆ, ಪೂರ್ತಿ ಎಳೆದುಕೊಂಡಾಗ ಇನ್ನೊಂದು ಅಳತೆ ತೆಗೆದಳು. ಎರಡಕ್ಕೂ ವ್ಯತ್ಯಾಸ ಬರೀ ಒಂದಿಂಚು. ಆರೋಗ್ಯವಾಗಿರುವ ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಎರಡಿಂಚಿನ ಆಸುಪಾಸು ಇರುತ್ತದೆ, ವಯಸ್ಸಾದಂತೆ ಸ್ವಲ್ಪ ಕಡಿಮೆಯಾಗುತ್ತದೆ. ಒಂದಿಂಚಿಗಿಂತ ಕೆಳಗೆ ಹೋದರೆ ವೈದ್ಯರು ಕಾರಣ ಹುಡುಕಲೇಬೇಕಂತೆ. ನಾನು ಅಂಚಿನಲ್ಲಿ ನಿಂತಿದ್ದೆ. ಊರ ಹೆಂಗಸರ ಎದೆ ಅಳತೆಯೆಲ್ಲ ತೆಗೆದವಳು, ನನ್ನ ಉಸಿರಿನ ಅಳತೆ ಎಂದೂ ತೆಗೆದಿರಲಿಲ್ಲ.

ಆ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ನಿಮಗೂ ಹೇಳುತ್ತೇನೆ, ಕೇಳಿ.

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ, ಮಣಿ ಪೋಣಿಸಿದ ಸರದ ಹಾಗೆ. ಕತ್ತಿನಲ್ಲಿ 7 ಮಣಿ, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಎದೆಯ ಹಿಂದಿನ ಆ 12 ಮಣಿಗಳಿಗೆ ಎರಡೂ ಪಕ್ಕದಲ್ಲಿ ಒಂದೊಂದು ಪಕ್ಕೆಲುಬು, ಒಟ್ಟು 12 ಜೊತೆ. ಬಾಗಿಲಿಗೆ ಕೀಲು ಇದ್ದ ಹಾಗೆ ಪ್ರತಿ ಪಕ್ಕೆಲುಬಿಗೂ ಬೆನ್ನಿನ ಕಡೆ ಕೀಲು ಉಂಟು. ಉಸಿರು ಎಳೆದುಕೊಂಡಾಗ ಹೊಟ್ಟೆ ಮತ್ತು ಎದೆಯ ನಡುವೆ ಹರಡಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಪಕ್ಕೆಲುಬುಗಳು ಮೇಲೇಳುತ್ತವೆ. ಮೇಲಿನ ಪಕ್ಕೆಲುಬುಗಳು ಬೋರ್‌ವೆಲ್ಲಿನ ಕೈಪಂಪಿನ ಹಿಡಿಯ ಹಾಗೆ ಏಳುತ್ತವೆ, ಎದೆ ಮುಂದಕ್ಕೆ ಬರುತ್ತದೆ. ಕೆಳಗಿನವು ಬಕೆಟ್ಟಿನ ಹಿಡಿಯ ಹಾಗೆ ಪಕ್ಕಕ್ಕೆ ಏಳುತ್ತವೆ, ಎದೆಗೂಡು ಅಗಲವಾಗುತ್ತದೆ. ಈ ಹೋಲಿಕೆ ನನ್ನದಲ್ಲ, ವೈದ್ಯಕೀಯ ಪುಸ್ತಕಗಳಲ್ಲೇ ಇರುವುದು. ಪಂಪಾಗಲಿ ಬಕೆಟ್ಟಾಗಲಿ, ಹಿಡಿ ಏಳಬೇಕಾದರೆ ಕೀಲು ಸಡಿಲವಾಗಿರಬೇಕು ತಾನೇ? ಕೀಲು ಇರುವುದು ಬೆನ್ನಿನಲ್ಲಿ. ಬೆನ್ನು ಮುಂದಕ್ಕೆ ಗೂನಾಗಿ ಬಿಗಿದುಕೊಂಡರೆ ಪಕ್ಕೆಲುಬುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ಎದೆ ಕುಸಿಯುತ್ತದೆ, ಹೊಟ್ಟೆ ಮುದುಡಿ ವಪೆಗೆ ಇಳಿಯಲು ಜಾಗವೇ ಇಲ್ಲದಂತಾಗುತ್ತದೆ.

ನಂಬಿಕೆ ಬರಲಿಲ್ಲವೇ? ಈಗಲೇ, ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಪರೀಕ್ಷೆ ಮಾಡಿ. ಸೊಪ್ಪು ಬಿಡಿಸಲು ಕೂತ ಹಾಗೆ ಬೆನ್ನು ಗೂನು ಮಾಡಿ, ಗಲ್ಲ ಮುಂದಕ್ಕೆ ಚಾಚಿ, ದೊಡ್ಡ ಉಸಿರು ಎಳೆದುಕೊಳ್ಳಿ. ಎಲ್ಲಿಯವರೆಗೆ ಹೋಯಿತು ನೋಡಿ. ಈಗ ನಿಧಾನವಾಗಿ ನೆಟ್ಟಗೆ ಕೂತು ಇನ್ನೊಮ್ಮೆ ಎಳೆದುಕೊಳ್ಳಿ. ಗೊತ್ತಾಯಿತಲ್ಲ?

ಇನ್ನು ಸುಸ್ತಿನ ಲೆಕ್ಕ. ಇದು ಹಾಲಿನ ಲೆಕ್ಕದಷ್ಟೇ ಸುಲಭ. ಸುಮ್ಮನೆ ಕೂತಾಗ ಒಂದು ಉಸಿರಿಗೆ ನಾವು ಎಳೆದುಕೊಳ್ಳುವ ಗಾಳಿ ಸುಮಾರು 500 ಮಿಲಿ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಅದರಲ್ಲಿ ಸುಮಾರು 150 ಮಿಲಿ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದುಬಿಡುತ್ತದೆ. ಗಿಡಕ್ಕೆ ನೀರು ಬಿಟ್ಟಾಗ ಪೈಪಿನಲ್ಲೇ ಉಳಿಯುವ ನೀರಿನ ಹಾಗೆ. ಅದು ರಕ್ತಕ್ಕೆ ಸೇರುವುದಿಲ್ಲ. ಉಳಿದ 350 ಮಿಲಿ ಮಾತ್ರ ಶ್ವಾಸಕೋಶದ ಒಳಗೆ ಕೆಲಸಕ್ಕೆ ಬರುವುದು. ನಿಮಿಷಕ್ಕೆ ಇಂಥ 12 ಉಸಿರಾದರೆ 4200 ಮಿಲಿ ಉಪಯೋಗಕ್ಕೆ ಬಂತು. ಈಗ ಎದೆ ಬಿಗಿದುಕೊಂಡು ಒಂದು ಉಸಿರಿಗೆ 300 ಮಿಲಿ ಮಾತ್ರ ಬರುತ್ತದೆ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 20 ಸಲ ಉಸಿರಾಡಿದರೆ ಒಟ್ಟು ಗಾಳಿ ಅಷ್ಟೇ, 6000 ಮಿಲಿ. ಆದರೆ ಪ್ರತಿ ಉಸಿರಿಗೂ ಪೈಪಿನಲ್ಲಿ ಉಳಿಯುವ 150 ತಪ್ಪುವುದಿಲ್ಲವಲ್ಲ! ಹಾಗಾಗಿ ಉಪಯೋಗಕ್ಕೆ ಬಂದದ್ದು 3000 ಮಾತ್ರ. ಈ ಕೊರತೆ ತುಂಬಲು ದೇಹ ಇನ್ನೂ ಬೇಗ ಬೇಗ ಉಸಿರಾಡುತ್ತದೆ. ರಕ್ತಕ್ಕೆ ಆಮ್ಲಜನಕವೇನೋ ಸಿಗುತ್ತದೆ. ಅದಕ್ಕೇ ನನ್ನ ಬೆರಳಿನ ಯಂತ್ರ 98 ತೋರಿಸಿದ್ದು. ಆದರೆ ಸಿಕ್ಕಿದ್ದು ಇಮ್ಮಡಿ ದುಡಿಮೆಯಿಂದ.

ದುಡಿಯುವವರು ಯಾರು? ಕತ್ತಿನ ಪಕ್ಕದ, ಭುಜದ ಮೇಲಿನ ಸ್ನಾಯುಗಳು. ಓಡುವಾಗ, ಮೆಟ್ಟಿಲು ಹತ್ತುವಾಗ ಮಾತ್ರ ಕೈಹಿಡಿಯಬೇಕಾದ ಇವು ಬೆಳಗಿಂದ ರಾತ್ರಿಯವರೆಗೆ ಎದೆಗೂಡನ್ನು ಮೇಲಕ್ಕೆತ್ತುತ್ತಿರುತ್ತವೆ. ನಿಮಿಷಕ್ಕೆ 15 ಅಂತ ಹಿಡಿದರೂ ದಿನಕ್ಕೆ 21,600 ಉಸಿರು. ನಮ್ಮ ಹಳೆಯ ಯೋಗಗ್ರಂಥಗಳ ಹಂಸಮಂತ್ರದ ಲೆಕ್ಕವೂ ಇದೇ ಸಂಖ್ಯೆ. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳದೆ ಇನ್ನೇನು ಆದೀತು?

‘ಇದು ಒಂದು ದಿನಕ್ಕೆ ಆಗಿದ್ದಲ್ಲ ಆಂಟಿ, ವರ್ಷಗಟ್ಟಲೆ ಆಗಿರುತ್ತೆ’ ಅಂದಿದ್ದಳು ಆ ಹುಡುಗಿ. ಆ ಮಾತು ತಲೆಯಲ್ಲೇ ಕೂತಿತ್ತು. ಮನೆಗೆ ಬಂದವಳು ಬೀರುವಿನಿಂದ ನನ್ನ ಹಳೆಯ ಅಳತೆ ಪುಸ್ತಕಗಳನ್ನು ತೆಗೆದೆ. ಬ್ಲೌಸಿಗೆ ಮುಂದಿನ ಉದ್ದ ಬೇರೆ, ಹಿಂದಿನ ಉದ್ದ ಬೇರೆ ಅಳೆಯುತ್ತೇವೆ. ಎದೆಯ ಉಬ್ಬು ಇರುವುದರಿಂದ ಸಾಮಾನ್ಯವಾಗಿ ಮುಂದಿನದು ಅರ್ಧ ಇಂಚಾದರೂ ಹೆಚ್ಚು. 2003ರಲ್ಲಿ ನನ್ನದು ಮುಂದೆ ಹದಿನಾಲ್ಕೂವರೆ, ಹಿಂದೆ ಹದಿನಾಲ್ಕು. 2022ರಲ್ಲಿ ಮುಂದೆ ಹದಿನಾಲ್ಕು, ಹಿಂದೆ ಹದಿನಾಲ್ಕೂವರೆ. ಮೈ ತೂಕ ಹೆಚ್ಚು ಕಡಿಮೆ ಅಷ್ಟೇ. ಬೆನ್ನು ಉಬ್ಬಿದೆ, ಎದೆ ಒಳಗೆ ಹೋಗಿದೆ. ನನ್ನ ಕೈಬರಹದಲ್ಲೇ ಬರೆದಿಟ್ಟಿದ್ದೆ, ಓದಿರಲಿಲ್ಲ.

ಹಾಗೇ ಹಾಳೆ ತಿರುವಿದರೆ ನನ್ನ ಅಮ್ಮನ ಅಳತೆ ಸಿಕ್ಕಿತು. 2006ರಲ್ಲಿ ಮುಂದೆ ಹದಿನಾಲ್ಕೂವರೆ, ಹಿಂದೆ ಹದಿನಾಲ್ಕು, ನನ್ನದೇ ಹಳೆಯ ಅಳತೆ! 2014ರಲ್ಲಿ ಎರಡೂ ಹದಿನಾಲ್ಕು. 2021ರಲ್ಲಿ ಮುಂದೆ ಹದಿಮೂರು, ಹಿಂದೆ ಹದಿನೈದು. ಪ್ರತಿ ಯುಗಾದಿಗೂ ಅಮ್ಮನಿಗೆ ಬ್ಲೌಸು ಹೊಲಿದು ಕೊಡುತ್ತಿದ್ದೆ. ಮುಂದೆ ಮಡಿಕೆ ಬೀಳುತ್ತದೆ ಅಂತ ಅರ್ಧ ಇಂಚು ಕಡಿಮೆ ಮಾಡುವುದು, ಹಿಂದೆ ಮೇಲಕ್ಕೆ ಎಳೆಯುತ್ತದೆ ಅಂತ ಅರ್ಧ ಇಂಚು ಜಾಸ್ತಿ ಮಾಡುವುದು. ‘ನಿನ್ನ ಕೈಯಲ್ಲಿ ಹೊಲಿದ ಹಾಗೆ ಯಾರೂ ಹೊಲಿಯಲ್ಲ ಕಣೇ’ ಅಂತ ಅಮ್ಮ ಹೊಗಳುತ್ತಿದ್ದಳು, ನಾನು ಬೀಗುತ್ತಿದ್ದೆ. ಅಳತೆ ತಿದ್ದುತ್ತ ಹೋದೆನೇ ಹೊರತು, ಅಳತೆ ಯಾಕೆ ಬದಲಾಗುತ್ತಿದೆ ಅಂತ ಒಂದು ದಿನವೂ ಕೇಳಲಿಲ್ಲ. ಅಮ್ಮ ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ‘ಸಾಕು’ ಅನ್ನುತ್ತಿದ್ದಳು. ಮಾತಿನ ನಡುವೆ ಎರಡೆರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ‘ವಯಸ್ಸು’ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ಆ ದಿನ ಪುಸ್ತಕ ಮುಚ್ಚಿಟ್ಟು ಎಷ್ಟೋ ಹೊತ್ತು ಅತ್ತೆ.

ಆ ವಾರವೇ ಊರಿಗೆ ಹೋಗಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಎದೆಯ ಹಿಂದಿನ ಎರಡು ಮಣಿ ಮುಂಭಾಗದಲ್ಲಿ ಕುಸಿದಿದ್ದವು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ಅಂಥ ಮಣಿ ಕುಸಿಯಲು ಬೀಳಲೇಬೇಕೆಂದಿಲ್ಲ, ಬಗ್ಗಿ ಒಂದು ಕೊಡ ಎತ್ತಿದರೂ ಸಾಕು. ‘ಬೆನ್ನು ಹಿಡ್ಕೊಂಡಿದೆ’ ಅಂತ ಎಣ್ಣೆ ಹಚ್ಚಿ ನಾಲ್ಕು ದಿನ ಮಲಗಿ ಎದ್ದುಬಿಡುತ್ತೇವೆ. ಅಮ್ಮನಿಗೂ ಹಾಗೇ ಆಗಿತ್ತಂತೆ, ನಮಗೆ ಹೇಳಿರಲಿಲ್ಲ. ಬೆನ್ನು ಬಾಗಿ ಪಕ್ಕೆಲುಬು ಹೊಟ್ಟೆಯ ಮೇಲೆ ಇಳಿದಿತ್ತು. ಊಟ ಸೇರದಿದ್ದದ್ದು ಅದಕ್ಕೆ, ಉಸಿರು ಸಾಲದಿದ್ದದ್ದೂ ಅದಕ್ಕೆ.

ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ನನ್ನ ಬೆನ್ನಿನದು ಬರೀ ಬಿಗಿತ, ಅಮ್ಮನದು ಮೂಳೆಯ ದೋಷ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಉಪಾಯ ಮಾತ್ರ ಒಂದೇ ಅಲ್ಲ. ಪ್ರಾಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚು ಕುಗ್ಗಿದ್ದರೆ, ಇದ್ದಕ್ಕಿದ್ದಂತೆ ಬೆನ್ನಿನಲ್ಲಿ ನೋವು ಬಂದಿದ್ದರೆ, ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮೂಳೆ ಸವೆದವರು ಮುಂದಕ್ಕೆ ಬಗ್ಗುವ, ಜೋರಾಗಿ ತಿರುಚುವ ವ್ಯಾಯಾಮ ಮಾಡಬಾರದು. ಹಾಗೆಯೇ ಎದೆನೋವು, ಮಲಗಿದರೆ ಹೆಚ್ಚಾಗುವ ಏದುಸಿರು, ಕಾಲು ಊತ, ಬಿಡದ ಕೆಮ್ಮು-ಜ್ವರ ಇದ್ದರೆ ಅದು ಬೆನ್ನಿನ ಮಾತಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂಥದ್ದೇನೂ ಇಲ್ಲ, ಬರೀ ಕೆಲಸದಿಂದ ಬೆನ್ನು ಮರಗಟ್ಟಿದೆ ಅನ್ನುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ದಿನಕ್ಕೆ ಹತ್ತು ನಿಮಿಷ ಸಾಕು, ಹಣ ಖರ್ಚಿಲ್ಲ.

ಒಂದು: ಟವೆಲ್ ಸುರುಳಿ. ಸ್ನಾನದ ಟವೆಲ್ಲನ್ನು ಗಟ್ಟಿಯಾಗಿ ಸುತ್ತಿ ಚಾಪೆಯ ಮೇಲೆ ಅಡ್ಡಕ್ಕಿಡಿ. ಮಂಡಿ ಮಡಿಸಿ, ಸುರುಳಿ ಭುಜದ ಚಪ್ಪಟೆ ಮೂಳೆಗಳ ಕೆಳತುದಿಗೆ ಬರುವಂತೆ ಮಲಗಿ. ತಲೆಗೆ ತೆಳ್ಳನೆಯ ದಿಂಬಿರಲಿ. ಕೈಗಳನ್ನು ಪಕ್ಕಕ್ಕೆ ಚಾಚಿ ಆರು ನಿಧಾನ ಉಸಿರು. ಆಮೇಲೆ ಸುರುಳಿಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ ಮತ್ತೆ ಆರು. ಸೊಂಟದ ಕೆಳಗೆ ಮಾತ್ರ ಇಡಬೇಡಿ.

ಎರಡು: ಪುಸ್ತಕ ತೆರೆದ ಹಾಗೆ. ಎಡಮಗ್ಗುಲಿಗೆ ಮಲಗಿ ಮಂಡಿ ಮಡಿಸಿ, ಎರಡೂ ಕೈ ಮುಂದಕ್ಕೆ ಚಾಚಿ ಜೋಡಿಸಿ. ಮಂಡಿ ಅಲ್ಲಾಡಿಸದೆ, ಉಸಿರು ಬಿಡುತ್ತ ಬಲಗೈಯನ್ನು ಮೇಲೆತ್ತಿ ಹಿಂದಕ್ಕೆ ತೆರೆಯಿರಿ. ಕಣ್ಣು ಕೈಯ ಜೊತೆಗೇ ಹೋಗಲಿ. ನೆಲ ಮುಟ್ಟಲೇಬೇಕೆಂಬ ಹಟ ಬೇಡ. ಆರು ಸಲ ಮಾಡಿ ಮಗ್ಗುಲು ಬದಲಿಸಿ. ಹಿಂದೆ ನಮ್ಮ ಅಜ್ಜಿಯಂದಿರು ಕಡೆಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುವಾಗ ಬೆನ್ನು ಎಡಕ್ಕೆ ಬಲಕ್ಕೆ ಹೀಗೇ ತಿರುಗುತ್ತಿತ್ತು. ಮಿಕ್ಸಿ ಬಂದು ಕೈ ಉಳಿಯಿತು, ಸಂತೋಷವೇ. ಆ ತಿರುಗುವ ಕೆಲಸವನ್ನು ಮಾತ್ರ ಬೇರೆ ರೀತಿ ಉಳಿಸಿಕೊಳ್ಳಬೇಕು.

ಮೂರು: ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯಾದರೆ ಹಿಂದಕ್ಕೆ ಮಗುಚೀತು, ಗೋಡೆಗೆ ಒರಗಿಸಿಡಿ. ಕೂತು, ಎರಡೂ ಕೈಯಿಂದ ತಲೆಯ ಹಿಂಭಾಗ ಹಿಡಿದು, ಕುರ್ಚಿಯ ಬೆನ್ನಿನ ಅಂಚಿನ ಮೇಲೆ ಮೇಲ್ಬೆನ್ನನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ. ಎಂಟು ಸಲ. ಕತ್ತು ಹಿಂದಕ್ಕೆ ಜೋತುಬೀಳಬಾರದು.

ನಾಲ್ಕು: ಕಟ್ಟೆಯ ಚಾಚು. ಒಲೆಯ ಮೇಲೆ ಹಾಲಿಟ್ಟು ಕಾಯುವಾಗ ಮಾಡಬಹುದು. ಒಲೆಯಿಂದ ದೂರದ ಕಡೆ ಕಟ್ಟೆಯ ಮೇಲೆ ಅಂಗೈ ಊರಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಹಿಂದಕ್ಕೆ ತಳ್ಳಿ ಎದೆಯನ್ನು ಕೆಳಕ್ಕೆ ಬಿಡಿ. ಐದು ಉಸಿರು. ಹಾಲು ಉಕ್ಕುವುದರೊಳಗೆ ಮುಗಿಯುತ್ತದೆ!

ಐದು: ಪಕ್ಕೆಯ ಉಸಿರು. ನೆಟ್ಟಗೆ ಕೂತು ಎರಡೂ ಅಂಗೈಯನ್ನು ಕೆಳಪಕ್ಕೆಲುಬುಗಳ ಮೇಲಿಟ್ಟು, ಭುಜ ಏರಿಸದೆ, ಕೈಗಳು ಪಕ್ಕಕ್ಕೆ ಸರಿಯುವ ಹಾಗೆ ಮೂಗಿನಿಂದ ಉಸಿರು ತುಂಬಿ. ಅದಕ್ಕಿಂತ ನಿಧಾನವಾಗಿ ಬಿಡಿ. ಹತ್ತು ಸಲ. ತಲೆ ತಿರುಗಿದರೆ ನಿಲ್ಲಿಸಿ.

ಇದೆಲ್ಲ ಹೊಸಕಾಲದ ಷೋಕಿ ಅಂದುಕೊಳ್ಳಬೇಡಿ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಬಡಕಲಾಗಿದ್ದವರು. 1934ರಲ್ಲಿ ಮೈಸೂರಿಗೆ ಹೋಗಿ, ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಮೈ ಗಟ್ಟಿ ಮಾಡಿಕೊಂಡರು. 1937ರಿಂದ ಪುಣೆಯಲ್ಲಿ ನೆಲೆಸಿ, 2014ರಲ್ಲಿ ತೀರಿಕೊಳ್ಳುವಾಗ ಅವರಿಗೆ 95 ವರ್ಷ. ಕುರ್ಚಿ, ಹಗ್ಗ, ದಿಂಬು, ಇಟ್ಟಿಗೆಗಳ ಆಸರೆ ಕೊಟ್ಟು, ಬಾಗದ ಮೈಯವರಿಗೂ ಆಸನ ಕಲಿಸಿದ ದೊಡ್ಡವರು ಅವರು. ಮೊದಲು ಆಸನ ಪಳಗಲಿ, ಆಮೇಲೆ ಪ್ರಾಣಾಯಾಮ ಅನ್ನುವುದು ಅವರ ಕ್ರಮ; ಪತಂಜಲಿಯ ಯೋಗಸೂತ್ರದ ಕ್ರಮವೂ ಅದೇ. ಈಗ ಯೋಚಿಸಿದರೆ ಅರ್ಥವಾಗುತ್ತದೆ. ಎದೆಗೂಡು ತೆರೆಯದೆ ಉಸಿರು ಎಳೆ ಎಂದರೆ ಅದು ಎಲ್ಲಿಗೆ ಹೋಗಬೇಕು?

ವ್ಯಾಯಾಮದ ಜೊತೆ ಕೆಲವು ಸಣ್ಣ ಬದಲಾವಣೆ ಮಾಡಿಕೊಂಡೆ. ಮೆಷಿನ್ನಿನ ಮುಂದಿನ ಸ್ಟೂಲು ತೆಗೆದು ಬೆನ್ನಿರುವ ಕುರ್ಚಿ ಹಾಕಿದೆ. ಒಂದು ಬ್ಲೌಸು ಮುಗಿದರೆ ಎದ್ದು ಕೈ ಮೇಲೆತ್ತಿ ಮೈ ಮುರಿಯುತ್ತೇನೆ. ಲಂಗದ ಲಾಡಿಯನ್ನು ಎರಡು ಬೆರಳು ತೂರುವಷ್ಟು ಸಡಿಲ ಕಟ್ಟುತ್ತೇನೆ. ಮೊಬೈಲನ್ನು ಮಡಿಲಿನಲ್ಲಿಟ್ಟು ಬಗ್ಗಿ ನೋಡುವ ಬದಲು ಮುಖದ ಮಟ್ಟಕ್ಕೆ ಹಿಡಿಯುತ್ತೇನೆ. ಮೂಳೆಯ ಚಿಂತೆಗೆ ರಾಗಿ ಬಿಟ್ಟಿಲ್ಲ; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಮೊದಲ ಹದಿನೈದು ದಿನ ಏನೂ ಗೊತ್ತಾಗಲಿಲ್ಲ. ನಮ್ಮ ಯಜಮಾನರು ‘ಏನಮ್ಮಾ, ಟವೆಲ್ ಮೇಲೆ ಮಲಗಿ ಯೋಗಿನಿ ಆಗ್ತೀಯಾ?’ ಅಂತ ತಮಾಷೆ ಮಾಡಿದರು. ತಿಂಗಳಾದ ಮೇಲೆ ಸಂಜೆಯ ಕತ್ತುನೋವು ಇಳಿಯಿತು. ಮೂರು ತಿಂಗಳಿಗೆ ಟೇಪು ಹಿಡಿದರೆ ಒಂದೂ ಮುಕ್ಕಾಲು ಇಂಚು! ಒಂದೇ ಉಸಿರಿನಲ್ಲಿ ‘ಒಂದು, ಎರಡು, ಮೂರು’ ಅಂತ ಎಣಿಸಿದರೆ ಮೊದಲು 22ಕ್ಕೆ ನಿಲ್ಲುತ್ತಿದ್ದವಳು 34ರವರೆಗೆ ಹೋದೆ. ಸುಸ್ತು ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಹಬ್ಬದ ಸೀಸನ್ನಿನಲ್ಲಿ ಈಗಲೂ ದಣಿವಾಗುತ್ತದೆ. ಆದರೆ ಅದು ಕೆಲಸ ಮಾಡಿದ ದಣಿವು, ಮಲಗಿ ಎದ್ದರೆ ಹೋಗುವಂಥದ್ದು. 2023ರ ಗೌರಿ ಹಬ್ಬದಲ್ಲಿ ಆ ಸಾಲನ್ನು ಒಂದೇ ಉಸಿರಿಗೆ ಹಾಡಿದೆ. ಯಾರೂ ಗಮನಿಸಲಿಲ್ಲ, ನನಗಷ್ಟೇ ಗೊತ್ತು.

ಅಮ್ಮನ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಕುಸಿದ ಮಣಿ ಏಳುವುದಿಲ್ಲ. ಮೂಳೆಗೆ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ನಡೆಯುತ್ತಿದೆ. ಇನ್ನೊಂದು ಮಣಿ ಕುಸಿಯದಿರಲಿ ಎಂಬುದೇ ಈಗಿನ ಪ್ರಯತ್ನ. ಟವೆಲ್ ಸುರುಳಿ ಅವಳಿಗೆ ಬೇಡ ಅಂದರು. ಗೋಡೆಗೆ ಒರಗಿ ಕೂತು ಭುಜ ಹಿಂದಕ್ಕೆ ತರುವುದು, ಪಕ್ಕೆಗೆ ಕೈಯಿಟ್ಟು ಉಸಿರಾಡುವುದು, ಇಷ್ಟೇ ಹೇಳಿಕೊಟ್ಟಿದ್ದಾರೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡುತ್ತೇವೆ. ಹೋದ ಸಲ ಊರಿಗೆ ಹೋದಾಗ ಮೊಮ್ಮಗಳಿಗೆ ಒಂದು ಕಥೆ ಹೇಳುತ್ತಿದ್ದಳು, ನಡುವೆ ನಿಲ್ಲಿಸದೆ. ಆಮೇಲೆ ನನ್ನ ಕಡೆ ತಿರುಗಿ, ‘ಇಷ್ಟು ವರ್ಷ ಅಳತೆ ತಗೊಂಡೆ. ಈಗ ತಾನೇ ನನ್ನ ನೋಡಿದೆ ನೋಡು’ ಅಂದಳು. ನಗುತ್ತಲೇ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಈಗ ನನ್ನ ಹತ್ತಿರ ಬ್ಲೌಸಿಗೆ ಬಂದವರಿಗೆಲ್ಲ ಎದೆಯ ಸುತ್ತಳತೆ ತೆಗೆಯುವಾಗ, ‘ಒಂದು ಸಲ ಪೂರ್ತಿ ಉಸಿರು ತಗೊಳ್ರೀ’ ಅನ್ನುತ್ತೇನೆ. ಬಿಟ್ಟ ಉಸಿರಿನ ಅಳತೆಗೆ ಹೊಲಿದರೆ ಹೊಲಿಗೆ ಚೆಂದ ಕೂರುತ್ತದೆ, ಉಸಿರು ಮಾತ್ರ ಕೂರುವುದಿಲ್ಲ. ಮುಂದಿನ ಉದ್ದ, ಹಿಂದಿನ ಉದ್ದ ಹೋದ ವರ್ಷಕ್ಕಿಂತ ಬದಲಾಗಿದ್ದರೆ ಬಾಯಿಬಿಟ್ಟು ಹೇಳಿಬಿಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಕೂತು ವಿಚಾರಿಸುತ್ತಾರೆ.

ನಿಮ್ಮ ಮನೆಯಲ್ಲೂ ಹೊಲಿಗೆ ಡಬ್ಬಿಯಲ್ಲಿ ಒಂದು ಟೇಪು ಇದ್ದೇ ಇರುತ್ತದೆ. ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ತೆಗೆಯಿರಿ. ಉಸಿರು ಬಿಟ್ಟು ಒಂದು ಸಲ, ಎಳೆದುಕೊಂಡು ಒಂದು ಸಲ ಅಳೆದು, ತಾರೀಕಿನ ಜೊತೆ ಬರೆದಿಡಿ. ಮನೆಯಲ್ಲಿ ಅಮ್ಮನೋ ಅತ್ತೆಯೋ ಇದ್ದರೆ ಅವರನ್ನು ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿ ಎತ್ತರದ ಗುರುತು ಹಾಕಿಡಿ. ಬರುವ ವರ್ಷ ಇದೇ ದಿನ ಮತ್ತೆ ನೋಡಿ. ಗುರುತು ಕೆಳಗಿಳಿದಿದ್ದರೆ ‘ವಯಸ್ಸು’ ಅಂತ ಸುಮ್ಮನಾಗಬೇಡಿ.